ಮರಕ್ಕೆ ಸಿಕ್ಕ ವಿಮಾನ

ಅಕ್ಕ ತಂಗಿಯರೇ, ಹದ್ದು ಹಾರೋದನ್ನು ನಾವೆಲ್ಲ ನೋಡಿದ್ದೇವೆ. ರೆಕ್ಕೆ ಬಡಿಯದೆಯೇ ಅದು ಮೇಲೇರುತ್ತದೆ. ಹೇಗೆ? ಬಿಸಿಲಿಗೆ ಕಾದ ಗಾಳಿ ಮೇಲಕ್ಕೆ ಏಳುತ್ತದೆ. ಗುಡ್ಡಕ್ಕೆ ಬಡಿದ ಗಾಳಿಯೂ ಮೇಲಕ್ಕೆ ಏಳುತ್ತದೆ. ಅದೇ ಹದ್ದನ್ನು ಎತ್ತುತ್ತದೆ.

ಹೀಗೇ ಹಾರುವ ವಿಮಾನವೂ ಉಂಟು. ಅದಕ್ಕೆ ಇಂಜಿನ್ ಇಲ್ಲ. ಹೆಸರು ಗ್ಲೈಡರ್. ಜರ್ಮನಿ ದೇಶದ ವಾಸರ್‌ಕುಪ್ಪೆ ಗುಡ್ಡದಲ್ಲಿ 1920ರಲ್ಲೇ ಇದರ ಪಂದ್ಯ ನಡೆದಿತ್ತು. ಇದರ ಪುಟ್ಟ ಮಾದರಿಯನ್ನೂ ಜನ ಹಾರಿಸ್ತಾರೆ. ನೆಲದ ಮೇಲೆ ನಿಂತು, ಕೈಯಲ್ಲಿನ ರೇಡಿಯೊ ಪೆಟ್ಟಿಗೆಯಿಂದ ಅದನ್ನು ತಿರುಗಿಸ್ತಾರೆ.

ಈ ಪುಟ್ಟ ವಿಮಾನ ಎಷ್ಟೋ ಸಲ ಮರಕ್ಕೆ ಸಿಕ್ಕಿಬೀಳುತ್ತದೆ. ಯಾಕೆ ಗೊತ್ತೇ? ದೂರದಿಂದ ನೋಡಿದರೆ ಅದು ಮರದ ಮುಂದಿದೆಯೋ ಹಿಂದಿದೆಯೋ ತಿಳಿಯದು. ಮರದ ಮರೆಯಲ್ಲಿ ಗಾಳಿ ಸುಳಿ ಸುತ್ತುತ್ತದೆ. ವಿಮಾನವನ್ನು ಕೆಳಕ್ಕೆ ಎಳೆಯುತ್ತದೆ. ಇಂಜಿನ್ ಇಲ್ಲವಲ್ಲ, ಮತ್ತೆ ಮೇಲೇರೋದು ಕಷ್ಟ.

ಆಗ ತಿಳಿದವರು ಅವಸರ ಮಾಡೋದಿಲ್ಲ. ಹತ್ತಿರ ಕರೆಂಟ್ ತಂತಿ ಇದೆಯೇ ಎಂದು ಮೊದಲು ನೋಡ್ತಾರೆ. ಇಲ್ಲದಿದ್ದರೆ ನೆಲದ ಮೇಲೆ ನಿಂತೇ, ಹಣ್ಣು ಕೀಳುವ ದೋಟಿಯಂಥ ಉದ್ದ ಗಳದಿಂದ ಬಿಡಿಸ್ತಾರೆ. ತಂತಿ ಇದ್ದರೆ ಹತ್ತಿರವೂ ಹೋಗೋದಿಲ್ಲ.

ನಮ್ಮ ಮಕ್ಕಳ ಗಾಳಿಪಟಕ್ಕೂ ಇದೇ ಮಾತು. ತಂತಿಗೆ ಸಿಕ್ಕ ಪಟವನ್ನು ಗಳದಿಂದ ಎಳೆಯಬಾರದು. ಹಸಿ ಬಿದಿರಿನಲ್ಲೂ, ಒದ್ದೆ ದಾರದಲ್ಲೂ ಕರೆಂಟ್ ಹರಿಯುತ್ತದೆ. ಲೈನ್‌ಮ್ಯಾನ್‌ಗೆ ಹೇಳೋಣ. ಪಟ ಹೋದರೆ ಇನ್ನೊಂದು ಮಾಡಿಕೊಡಬಹುದು. ಮಗುವಿನ ಜೀವ ಹೋದರೆ ತರಲಾದೀತೇ?