ಹಿರಿಯ ದತ್ತಾಂಶ ವಿಶ್ಲೇಷಕರ ಆಯ್ಕೆ: ಸಂದರ್ಶನ ಹೇಗಿರಬೇಕು?

ಬಿಲ್ಲು, ದಾಸ್ತಾನು, ಜಿಎಸ್‌ಟಿ ವಿವರಗಳೆಲ್ಲವೂ ಗಣಕಯಂತ್ರಕ್ಕೆ ಸೇರಿದ ಮೇಲೆ, ಅವುಗಳನ್ನು ಪರಿಶೀಲಿಸಿ ಖರೀದಿ, ಬೆಲೆ ಹಾಗೂ ಉದ್ದರಿಯ ಬಗೆಗೆ ಸಲಹೆ ನೀಡಬಲ್ಲ ಹಿರಿಯ ವಿಶ್ಲೇಷಕರನ್ನು ನೇಮಿಸಿಕೊಳ್ಳುವ ಯೋಚನೆ ಮಧ್ಯಮ ಗಾತ್ರದ ಸಂಸ್ಥೆಗಳಲ್ಲಿಯೂ ಮೂಡುವುದು ಸಹಜ. ತೊಡಕಿರುವುದು ಆಯ್ಕೆಯಲ್ಲಿ. ಸಂದರ್ಶನ ನಡೆಸುವ ಮಾಲೀಕರಿಗೆ ಈ ವಿದ್ಯೆಯ ಪರಿಚಯ ಸಾಮಾನ್ಯವಾಗಿ ಇರುವುದಿಲ್ಲ. ಅಭ್ಯರ್ಥಿಯು ಹೇಳುವ ತಂತ್ರಾಂಶಗಳ ಹೆಸರು, ಮಾತಿನ ಚಾತುರ್ಯಗಳೇ ಯೋಗ್ಯತೆಯೆಂದು ತೋರುತ್ತವೆ. ತಪ್ಪು ಆಯ್ಕೆಯಿಂದಾಗುವ ನಷ್ಟ ಸಂಬಳಕ್ಕಷ್ಟೇ ಸೀಮಿತವಲ್ಲ. ತಪ್ಪು ವರದಿಯನ್ನು ನಂಬಿ ತರಿಸಿದ ಸರಕು ಗೋದಾಮಿನಲ್ಲಿ ಉಳಿಯುತ್ತದೆ.

ದೊಡ್ಡ ಕಂಪೆನಿಗಳೂ ಈ ವಿಷಯದಲ್ಲಿ ಎಡವಿವೆ. ವಿಮಾನವೊಂದರಲ್ಲಿ ಎಷ್ಟು ಗಾಲ್ಫ್ ಚೆಂಡುಗಳು ಹಿಡಿಯುತ್ತವೆ ಎಂಬಂಥ ಒಗಟುಗಳು ಬರಿಯ ಕಾಲಹರಣವೆಂದು ಗೂಗಲ್ ಸಂಸ್ಥೆಯ ಅಂದಿನ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಲಾಸ್ಲೊ ಬಾಕ್ 2013ರಲ್ಲಿ ಬಹಿರಂಗವಾಗಿಯೇ ಒಪ್ಪಿಕೊಂಡರು. ಷ್ಮಿಟ್ ಮತ್ತು ಹಂಟರ್ ಎಂಬ ಅಮೆರಿಕದ ವಿದ್ವಾಂಸರು 1998ರಲ್ಲಿ 85 ವರ್ಷಗಳ ಸಂಶೋಧನೆಗಳನ್ನು ಕ್ರೋಡೀಕರಿಸಿ, ಮನಬಂದಂತೆ ನಡೆಸುವ ಸಂದರ್ಶನಕ್ಕಿಂತ ಕ್ರಮಬದ್ಧ ಸಂದರ್ಶನವೂ ಕೆಲಸದ ಮಾದರಿ ಪರೀಕ್ಷೆಯೂ ಹೆಚ್ಚು ನಂಬಲರ್ಹವೆಂದು ತೋರಿಸಿದರು. 2022ರ ಮರುಪರಿಶೀಲನೆಯು ಆ ಅಂದಾಜುಗಳನ್ನು ಸಾಕಷ್ಟು ತಗ್ಗಿಸಿತಾದರೂ ಕ್ರಮಬದ್ಧ ಸಂದರ್ಶನಕ್ಕೇ ಮೊದಲ ಸ್ಥಾನ ದೊರೆಯಿತು. ಕ್ರಮಬದ್ಧವೆಂದರೆ ದೊಡ್ಡ ಏರ್ಪಾಡೇನಲ್ಲ: ಎಲ್ಲರಿಗೂ ಅವೇ ಪ್ರಶ್ನೆಗಳು, ಒಳ್ಳೆಯ ಉತ್ತರ ಯಾವುದೆಂಬ ಬಗ್ಗೆ ಮೊದಲೇ ಬರೆದಿಟ್ಟ ಟಿಪ್ಪಣಿ, ಪರಸ್ಪರ ಚರ್ಚಿಸುವ ಮುನ್ನವೇ ಪ್ರತಿಯೊಬ್ಬ ಸಂದರ್ಶಕರೂ ನೀಡುವ ಅಂಕ.

ಮಾದರಿ ಪರೀಕ್ಷೆಗೆ ಸಂಸ್ಥೆಯ ಸ್ವಂತ ಲೆಕ್ಕಪತ್ರಗಳಿಗಿಂತ ಉತ್ತಮ ಸಾಮಗ್ರಿ ಬೇರಿಲ್ಲ. ಜವಳಿ ವ್ಯಾಪಾರಿಯೊಬ್ಬರು ತಮ್ಮ ವಾರ್ಷಿಕ ಮಾರಾಟದ ಅಂಕಿಗಳನ್ನು ಮುಂದಿಟ್ಟು, 2023-24ರಲ್ಲಿ ವ್ಯಾಪಾರ ಇಳಿದುದೇಕೆಂದು ಕೇಳಿದರೆನ್ನೋಣ. ಯುಗಾದಿಯು 2022ರಲ್ಲಿ ಏಪ್ರಿಲ್ 2ರಂದು, 2023ರಲ್ಲಿ ಮಾರ್ಚ್ 22ರಂದು, 2024ರಲ್ಲಿ ಏಪ್ರಿಲ್ 9ರಂದು ಬಂದಿತು. ಅಂದರೆ 2022-23ರ ಹಣಕಾಸು ವರ್ಷದಲ್ಲಿ ಎರಡು ಯುಗಾದಿ. 2023-24ರಲ್ಲಿ ಒಂದೂ ಇಲ್ಲ! ಇದನ್ನು ಗಮನಿಸದೆ ಬಣ್ಣದ ನಕ್ಷೆಗಳೊಡನೆ 'ಬೇಡಿಕೆ ಕುಸಿದಿದೆ' ಎಂದು ಸಾರುವವರು ಹಿರಿಯ ಹುದ್ದೆಗೆ ತಕ್ಕವರಲ್ಲ. ಏಪ್ರಿಲ್ 2ರ ಹಬ್ಬದ ಖರೀದಿಯ ಬಹುಪಾಲು ಮಾರ್ಚ್‌ನಲ್ಲಿಯೇ ಮುಗಿದಿರಬೇಕಲ್ಲವೇ ಎಂದು ಶಂಕಿಸಿ, ದಿನವಾರು ಅಂಕಿಗಳನ್ನು ಕೇಳುವ ಅಭ್ಯರ್ಥಿಯು ಮತ್ತೂ ಒಂದು ಹೆಜ್ಜೆ ಮುಂದಿರುತ್ತಾರೆ. ಇಂಥ ತಿಥಿಯ ಲೆಕ್ಕಾಚಾರ ಅನುಭವಿ ವ್ಯಾಪಾರಿಗೆ ಕರತಲಾಮಲಕ. ಆದ್ದರಿಂದ ಉತ್ತರದ ಮೌಲ್ಯವನ್ನು ಅಳೆಯಲು ತಂತ್ರಾಂಶದ ಜ್ಞಾನ ಬೇಕಾಗುವುದಿಲ್ಲ.

ತಯಾರಕರಿಗೆ ಮತ್ತೊಂದು ಪ್ರಶ್ನೆ ಹೊಂದುತ್ತದೆ. ಬಿಡಿಭಾಗವೊಂದರ ಮಾರಾಟ ಮೂರು ವಾರ ಶೂನ್ಯವೆಂದಿದ್ದರೆ, ಕೇಳುವವರಿರಲಿಲ್ಲವೋ ಅಥವಾ ಕೊಡಲು ಸರಕೇ ಇರಲಿಲ್ಲವೋ? ದಾಸ್ತಾನು ಪುಸ್ತಕವನ್ನು ತರಿಸಿ ನೋಡದೆ ಉತ್ತರಿಸುವುದು ಅಪಾಯಕರ.

ಪರೀಕ್ಷೆಯನ್ನು ಮನೆಗೆ ಕೊಟ್ಟು ಕಳುಹಿಸುವ ರೂಢಿ ಈಗ ಅಷ್ಟು ಫಲಕಾರಿಯಲ್ಲ. ಕೃತಕ ಬುದ್ಧಿಮತ್ತೆಯ ಸಾಧನಗಳು ಅಚ್ಚುಕಟ್ಟಾದ ವರದಿಯನ್ನು ಕ್ಷಣಗಳಲ್ಲಿ ಸಿದ್ಧಪಡಿಸುತ್ತವೆ. ಕಚೇರಿಯಲ್ಲಿಯೇ ಎರಡು ಗಂಟೆ ನೀಡಿ, ಬಳಿಕ ಉಗ್ರಾಣದ ಮೇಲ್ವಿಚಾರಕರಿಗೂ ಅರ್ಥವಾಗುವಂತೆ ವಿವರಿಸಲು ಹೇಳುವುದು ಲೇಸು. ಲೆಕ್ಕಪರಿಶೋಧಕರು ಜೊತೆಗಿದ್ದರೆ ಇನ್ನೂ ಒಳಿತು. ಅಂಕಿಗಳನ್ನು ಕೊಡುವ ಮುನ್ನ ಗ್ರಾಹಕರ ಹೆಸರು, ದೂರವಾಣಿ ಸಂಖ್ಯೆ ಹಾಗೂ ಖರೀದಿ ದರಗಳನ್ನು ತೆಗೆದಿರಬೇಕು. ಎರಡು ಗಂಟೆಗೆ ಮೀರಿದ ಕೆಲಸವಾದರೆ ಸಂಭಾವನೆ ಕೊಡುವುದು ನ್ಯಾಯ. ಪರೀಕ್ಷೆಯ ನೆಪದಲ್ಲಿ ಪುಕ್ಕಟೆ ಸಲಹೆ ಪಡೆಯುವ ಸಂಸ್ಥೆಯ ಸುದ್ದಿ ಒಳ್ಳೆಯ ಅಭ್ಯರ್ಥಿಗಳಿಗೆ ಬೇಗನೆ ತಲಪುತ್ತದೆ.