ಮೊಬೈಲ್ ಪಟ್ಟಾಂಗದಲ್ಲಿ ಹೆಸರು ಕಟ್ಟುವವರು

2025ರ ಜುಲೈ ತಿಂಗಳು ನಮ್ಮ ಅಂಗಡಿಯವರಿಗೆ ಮರೆಯುವಂತದ್ದಲ್ಲ. ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂತು. ಯುಪಿಐ ಮೂಲಕ ಖಾತೆಗೆ ಬಂದ ಹಣದ ಲೆಕ್ಕ ಹಿಡಿದು, ವಹಿವಾಟು ಮಿತಿ ದಾಟಿದ್ದರೂ ಜಿಎಸ್‌ಟಿ ನೋಂದಣಿ ಯಾಕೆ ಮಾಡಿಸಿಲ್ಲ ಎಂಬ ಪ್ರಶ್ನೆ. ಎಷ್ಟೋ ಕಡೆ ಕ್ಯೂಆರ್ ಕೋಡ್ ಕಿತ್ತು ಹಾಕಿ, ‘ಕ್ಯಾಶ್ ಮಾತ್ರ’ ಎಂದು ಬರೆದು ಅಂಟಿಸಿದರು.

ಆ ವಾರದ ಒಂದು ರಾತ್ರಿ ನಾವು ಎಕ್ಸ್‌ನ ಒಂದು ಕನ್ನಡ ಸ್ಪೇಸ್ ಕೇಳುತ್ತಾ ಕುಳಿತಿದ್ದೆವು. ವಿಷಯ ಅದೇ, ನೋಟಿಸ್. ಒಬ್ಬರು ಸರಕಾರವನ್ನು ಬೈದರು, ಇನ್ನೊಬ್ಬರು ಬೈದವರನ್ನು ಬೈದರು. ನಡುವೆ ಒಬ್ಬ ಅಂಗಡಿಯವರು ಮಾತಿಗೆ ಬಂದು, "ನಂದು ತರಕಾರಿ ಅಂಗಡಿ. ನಂಗೂ ನೋಟಿಸ್ ಬಂದಿದೆ. ನಾನು ಏನು ಮಾಡುದು?" ಎಂದರು. ಬೈಯುತ್ತಿದ್ದವರೆಲ್ಲ ಸುಮ್ಮನಾದರು.

ಆಗ ಮಾತನಾಡಿದ್ದು ನಮ್ಮ ಸಂಬಂಧಿಕ ಹುಡುಗ. ಮಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವವನು. "ಹೆದರಬೇಡಿ. ಬರೀ ತಾಜಾ ತರಕಾರಿ ಮಾರುವವರಿಗೆ ಜಿಎಸ್‌ಟಿ ಇಲ್ಲ, ನೋಂದಣಿಯೂ ಬೇಕಿಲ್ಲ. ಆದರೆ ನೋಟಿಸ್‌ಗೆ ಉತ್ತರ ಕೊಡದೆ ಕೂರಬೇಡಿ. ಅಂಗಡಿಯಲ್ಲಿ ಬೀಡಿ, ಸಿಗರೇಟ್, ಬಿಸ್ಕತ್ ಏನಾದರೂ ಇಟ್ಟಿದ್ದೀರಾ? ಇಟ್ಟಿದ್ದರೆ ಲೆಕ್ಕ ಬೇರೆ, ಒಟ್ಟು ವಹಿವಾಟು 40 ಲಕ್ಷ ದಾಟಿದೆಯಾ ಎಂದು ನೋಡಬೇಕು" ಎಂದ. ಅವರು ಇನ್ನೊಂದು ಕೇಳಿದರು. ಅದಕ್ಕೆ ಅವನು, "ಇದು ನಂಗೆ ಸರಿ ಗೊತ್ತಿಲ್ಲ. ನಮ್ಮ ಸಿಎ ಹತ್ತಿರ ಕೇಳಿ ನಾಳೆ ಇದೇ ಹೊತ್ತಿಗೆ ಹೇಳ್ತೇನೆ" ಎಂದ. ಮರುದಿನ ಬಂದು ಹೇಳಿದ ಕೂಡ.

ಆ ತಿಂಗಳು ಮುಗಿಯುವ ಮೊದಲೇ ಅವನ ಆಫೀಸಿಗೆ ಫೋನ್ ಮಾಡಿದವರಲ್ಲಿ ಅವನ ಮುಖ ನೋಡಿದವರು ಒಬ್ಬರೂ ಇರಲಿಲ್ಲ. "ನಾಳೆ ಹೇಳ್ತೇನೆ ಅಂದವರು ನೀವೇ ಅಲ್ವಾ?" ಎಂದು ಕೇಳಿಯೇ ಮಾತು ಶುರು ಮಾಡುತ್ತಿದ್ದರಂತೆ.

‘ಪರ್ಸನಲ್ ಬ್ರ್ಯಾಂಡ್’ ಎಂಬ ಮಾತು ಈಗ ಮಕ್ಕಳ ಬಾಯಲ್ಲಿ ಬಹಳ ಕೇಳುತ್ತೇವೆ. ಹಿರಿಯರಿಗೆ ಅದು ಹೊಸತೇನೂ ಅಲ್ಲ. ಬ್ಯಾರ ಮಾಡುವವರು ಬ್ಯಾರಿಗಳು ಎಂದು ಹೇಳುವುದುಂಟು. ಬಂದರಿನಲ್ಲಿ, ಸಂತೆಯಲ್ಲಿ ಒಬ್ಬನ ಹೆಸರು ನಿಲ್ಲುತ್ತಿದ್ದದ್ದು ಅವನ ಮಾತಿನ ಮೇಲೆ. ತೂಕ ಸರಿಯಾ, ಹೇಳಿದ ದಿನ ಸರಕು ಬಂತಾ, ಅಷ್ಟೇ ಲೆಕ್ಕ. ಈಗ ಆ ಮಾತು ಮೊಬೈಲಿನ ರೂಮಿಗೆ ಬಂದಿದೆ.

ಈ ರೂಮುಗಳ ಕತೆ ದೊಡ್ಡದೇನಿಲ್ಲ. 2020ರಲ್ಲಿ ಪೌಲ್ ಡೇವಿಸನ್ ಮತ್ತು ರೋಹನ್ ಸೇಠ್ ಎಂಬವರು ಕ್ಲಬ್‌ಹೌಸ್ ಆ್ಯಪ್ ಶುರು ಮಾಡಿದರು. ಮೊದಲು ಐಫೋನ್ ಇದ್ದವರಿಗೆ ಮಾತ್ರ, ಅದೂ ಯಾರಾದರೂ ಕರೆದರೆ ಮಾತ್ರ ಪ್ರವೇಶ. 2021ರ ಮೇ ತಿಂಗಳಲ್ಲಿ ಆಂಡ್ರಾಯ್ಡ್ ಫೋನಿಗೆ ಬಂತು. ಆಗ ನಮ್ಮಲ್ಲಿ ಕೊರೋನ ಎರಡನೇ ಅಲೆಯ ಲಾಕ್‌ಡೌನ್. ಹೊರಗೆ ಹೋಗುವಂತಿಲ್ಲ, ಮಾತನಾಡದೆ ಇರಲಿಕ್ಕೂ ಆಗುವುದಿಲ್ಲ. ಕನ್ನಡ, ತುಳು, ಬ್ಯಾರಿ ಎಂದು ರೂಮಿನ ಮೇಲೆ ರೂಮು ತೆರೆಯಿತು. ಅದೇ ವರ್ಷ ಟ್ವಿಟರ್ ಕೂಡ ಸ್ಪೇಸಸ್ ತಂತು. ಈಗ ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ, ಟೆಲಿಗ್ರಾಂನಲ್ಲೂ ಹಾಗೆ ಕೂತು ಮಾತನಾಡಬಹುದು.

ಕ್ರಮ ಹೆಚ್ಚಿನ ಕಡೆ ಹೆಚ್ಚುಕಮ್ಮಿ ಒಂದೇ. ನಡೆಸುವವರು ಒಬ್ಬರು ಇರುತ್ತಾರೆ. ನೀವು ಹೋಗಿ ಸುಮ್ಮನೆ ಕೇಳಬಹುದು. ಮಾತನಾಡಬೇಕಿದ್ದರೆ ಕೈ ಎತ್ತುವ ಗುರುತು ಒತ್ತಬೇಕು, ಅವರು ಕರೆದರೆ ಮೈಕ್ ಸಿಗುತ್ತದೆ. ಎಕ್ಸ್ ಸ್ಪೇಸ್‌ನಲ್ಲಿ ಕೇಳುವವರು ಎಷ್ಟು ಮಂದಿಯೂ ಇರಬಹುದು. ಮಾತನಾಡುವ ಜಾಗ ಮಾತ್ರ ಹೋಸ್ಟ್ ಸೇರಿ 13 ಮಂದಿಗೆ. ಹಾಗಾಗಿ ಸಿಕ್ಕಿದ ಎರಡು ನಿಮಿಷಕ್ಕೆ ಬೆಲೆ ಉಂಟು.

ಆ ಎರಡು ನಿಮಿಷವನ್ನು ಹೆಚ್ಚಿನವರು ಹಾಳು ಮಾಡುವುದನ್ನೇ ನಾವು ನೋಡಿದ್ದೇವೆ. ಮೈಕ್ ಸಿಕ್ಕಿದ ಕೂಡಲೇ ತನ್ನ ಹೆಸರು, ತನ್ನ ಕಂಪೆನಿ, ತನ್ನ ಚಾನೆಲ್, ‘ಎಲ್ಲರೂ ಫಾಲೋ ಮಾಡಿ’. ಕೇಳುವವರು ಅಲ್ಲೇ ಎದ್ದು ಹೋಗುತ್ತಾರೆ. ನಮ್ಮ ಹುಡುಗನೂ ಮೊದಲು ಹೀಗೆಯೇ ಮಾಡುತ್ತಿದ್ದ. ಆರು ತಿಂಗಳು ಸಿಕ್ಕಿದ ರೂಮಿಗೆಲ್ಲ ಹೋಗಿ ರಾಜಕೀಯ, ಕ್ರಿಕೆಟ್, ಸಿನಿಮಾ ಎಲ್ಲದಕ್ಕೂ ಅಭಿಪ್ರಾಯ ಕೊಟ್ಟ. ಯಾರಿಗೂ ಅವನ ನೆನಪು ಉಳಿಯಲಿಲ್ಲ. ಆಮೇಲೆ ವ್ಯಾಪಾರಿಗಳು ಸೇರುವ ಎರಡು ರೂಮು ಮಾತ್ರ ಇಟ್ಟುಕೊಂಡ. ಮೂರು ವಾರ ಬಾಯಿ ತೆರೆಯದೆ ಕೇಳಿದ. ಏನು ಕೇಳ್ತಾರೆ, ಯಾವುದಕ್ಕೆ ಉತ್ತರ ಸಿಗ್ತಿಲ್ಲ ಎಂದು ಪುಸ್ತಕದಲ್ಲಿ ಬರೆದಿಟ್ಟ. ನಂತರ ವಾರಕ್ಕೊಮ್ಮೆ, ಅದೇ ದಿನ ಅದೇ ಹೊತ್ತಿಗೆ ಹೋಗಿ, ತನಗೆ ಗೊತ್ತಿದ್ದ ಲೆಕ್ಕಪತ್ರದ ವಿಷಯ ಮಾತ್ರ ಮಾತನಾಡಿದ.

ಇದರಲ್ಲಿ ಕಲಿಯುವ ಮಕ್ಕಳಿಗೆ ಬೇಕಾದ್ದೆಲ್ಲ ಇದೆ. ಪ್ರೊಫೈಲಿನಲ್ಲಿ ಸ್ವಂತ ಹೆಸರು, ಮಾಡುವ ಕೆಲಸ ಒಂದು ಸಾಲಿನಲ್ಲಿ ಇರಲಿ. ಒಂದು ವಿಷಯ ಹಿಡಿಯಿರಿ. ಅದು ಪ್ಲಂಬಿಂಗ್ ಆಗಬಹುದು, ಅಡುಗೆ ಆಗಬಹುದು, ವಿದೇಶದಲ್ಲಿ ನರ್ಸಿಂಗ್ ಕೆಲಸ ಸಿಗುವ ದಾರಿ ಆಗಬಹುದು. ಹಿಂದಿನವರು ಹೇಳಿದ್ದನ್ನು ಕೇಳಿ, ಅವರ ಹೆಸರು ಹಿಡಿದು ಉತ್ತರ ಕೊಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ರೂಮು ಮುಗಿದ ಮೇಲೆ ಹೇಳಿದ ವಿಷಯವನ್ನು ನಾಲ್ಕು ಸಾಲು ಬರೆದು ನಿಮ್ಮ ಪುಟದಲ್ಲಿ ಹಾಕಿ. ಮಾತು ಗಾಳಿಗೆ ಹೋಗುತ್ತದೆ, ಬರೆದದ್ದನ್ನು ಹುಡುಕಿಕೊಂಡು ಬರುತ್ತಾರೆ.

ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಮಕ್ಕಳಲ್ಲಿ ಹಲವರಿಗೆ ಮೈಕ್ ಹಿಡಿಯಲು ಸಂಕೋಚ. ಬೆಂಗಳೂರಿನವರ ಕನ್ನಡ ಬೇರೆ, ನಮ್ಮದು ಬೇರೆ, ನಗ್ತಾರೆ ಎಂಬ ಹೆದರಿಕೆ. ಕರಾವಳಿಯ ಕನ್ನಡ ಕೇಳಿದ ಕೂಡಲೇ "ನೀವು ಮಂಗಳೂರಾ?" ಎಂದು ಕೇಳುತ್ತಾರೆ, ಅದರಿಂದ ನಷ್ಟ ಇಲ್ಲ. ಅದೇ ನಿಮ್ಮ ಗುರುತು. ಬ್ಯಾರಿ ಭಾಷೆಗಾದರೆ ಇದು ಇನ್ನೂ ಒಳ್ಳೆಯದು. ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದೇ 2007ರಲ್ಲಿ. ಅದಕ್ಕೂ ಮೊದಲು ತಲೆಮಾರುಗಳಿಂದ ಈ ಭಾಷೆ ಉಳಿದದ್ದು ಮನೆಯ ಮಾತಿನಲ್ಲಿ. ಜುಬೈಲ್‌ನಲ್ಲಿರುವ ಮಗ, ಉಳ್ಳಾಲದಲ್ಲಿರುವ ಉಮ್ಮ, ದುಬೈಯಲ್ಲಿ ಹುಟ್ಟಿದ ಮೊಮ್ಮಗಳು ಒಂದೇ ರೂಮಿನಲ್ಲಿ ಕೂತು ಅದನ್ನೇ ಮಾತನಾಡಬಹುದು.

ಇನ್ನು ಕಷ್ಟದ ವಿಷಯ. ಹೆಣ್ಣುಮಕ್ಕಳು ರೂಮಿಗೆ ಹೋಗಿ ಮಾತನಾಡುತ್ತೇನೆ ಎಂದರೆ ಮನೆಯಲ್ಲಿ ಆತಂಕ ಆಗುತ್ತದೆ. ಅದಕ್ಕೆ ಕಾರಣವೂ ಇದೆ. 2022ರ ಜನವರಿಯಲ್ಲಿ ಕ್ಲಬ್‌ಹೌಸ್‌ನ ಒಂದು ರೂಮಿನಲ್ಲಿ ಮುಸ್ಲಿಂ ಹೆಣ್ಣುಮಕ್ಕಳ ಬಗ್ಗೆ ಅಸಹ್ಯವಾಗಿ ಮಾತನಾಡಿದ ಆಡಿಯೊ ಹೊರಬಂತು. ದಿಲ್ಲಿ ಮಹಿಳಾ ಆಯೋಗ ಪೊಲೀಸರಿಗೆ ನೋಟಿಸ್ ಕೊಟ್ಟಿತು, ಕೇಸು ದಾಖಲಾಯಿತು, ಮುಂಬೈ ಪೊಲೀಸರು ಹರ್ಯಾಣದಿಂದ ಮೂವರನ್ನು ಬಂಧಿಸಿದರು. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಕಳುಹಿಸುವುದು ಸರಿಯಲ್ಲ.

ಹಾಗೆಂದು ಬಾಗಿಲು ಹಾಕಿದರೆ ನಷ್ಟ ಯಾರಿಗೆ? ಮನೆಯಲ್ಲೇ ಕೇಕ್ ಮಾಡಿ ಮಾರುವ ಒಬ್ಬ ಯುವತಿ ನಮಗೆ ಹೇಳಿದ ಮಾತು: "ನನ್ನ ಫೋಟೋ ಎಲ್ಲೂ ಇಲ್ಲ. ಅಂಗಡಿ ಇಡಲಿಕ್ಕೆ ದುಡ್ಡಿಲ್ಲ. ನನ್ನ ಹತ್ರ ಇರುದು ಸ್ವರ ಮಾತ್ರ." ಅವರು ಹೋಗುವುದು ಮಹಿಳೆಯರೇ ನಡೆಸುವ ಒಂದು ರೂಮಿಗೆ. ಪ್ರೊಫೈಲಿನಲ್ಲಿ ಕೇಕಿನ ಚಿತ್ರ, ಅಂಗಡಿಗೆಂದೇ ತೆಗೆದ ಬೇರೆ ನಂಬರ್, ಮನೆಯ ವಿಳಾಸ ಇಲ್ಲ. ಮೊದಲ ಕೆಲವು ವಾರ ಅವರ ಉಮ್ಮನೂ ಪಕ್ಕದಲ್ಲಿ ಕೂತು ಕೇಳಿದರಂತೆ. ಒಂದು ದಿನ ಮೊಟ್ಟೆ ಇಲ್ಲದ ಕೇಕ್ ಯಾಕೆ ಕುಸಿಯುತ್ತದೆ ಎಂಬ ಪ್ರಶ್ನೆ ಬಂದಾಗ, ಮಗಳಿಗಿಂತ ಮೊದಲೇ ಉಮ್ಮ, "ಹಿಟ್ಟು ಕಲಸಿ ತುಂಬಾ ಹೊತ್ತು ಇಟ್ಟಿರಬೇಕು, ಕೇಳು" ಎಂದು ಪಿಸುಗುಟ್ಟಿದರಂತೆ. ಈಗ ಉಮ್ಮನ ಮಾತು ಕೇಳಲಿಕ್ಕೇ ಬರುವವರು ಇದ್ದಾರೆ.

ಯಾರಾದರೂ ಕೆಟ್ಟದಾಗಿ ಮಾತನಾಡಿದರೆ ಉತ್ತರ ಕೊಡುತ್ತಾ ಕೂರಬೇಡಿ. ರೂಮಿನ ಹೆಸರು, ಮಾತನಾಡಿದವರ ಖಾತೆ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆ್ಯಪ್‌ನಲ್ಲಿ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಹೊರಬನ್ನಿ. ವಿಷಯ ಗಂಭೀರವಾದರೆ ಸೆನ್ ಪೊಲೀಸ್ ಠಾಣೆ ಇದೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಮುಖ್ಯವಾಗಿ, ಮಗಳು ಬಂದು ಹೇಳಿದಾಗ "ನೀನು ಯಾಕೆ ಹೋದದ್ದು?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಇನ್ನೊಮ್ಮೆ ಅವಳು ಹೇಳುವುದಿಲ್ಲ.

ಗಂಡುಮಕ್ಕಳಿಗೂ ಎಚ್ಚರಿಕೆ ಬೇಕು. ರೂಮು ಮುಗಿದರೆ ಮಾತು ಮುಗಿಯಿತು ಎಂದು ತಿಳಿಯಬೇಡಿ. ನಡೆಸುವವರು ರೆಕಾರ್ಡ್ ಮಾಡಬಹುದು. ಅವರು ಮಾಡದಿದ್ದರೂ ಕೇಳುತ್ತಿರುವ ಯಾರಾದರೂ ಇನ್ನೊಂದು ಫೋನ್ ಪಕ್ಕದಲ್ಲಿಟ್ಟರೆ ಸಾಕು. ಸಿಟ್ಟಿನಲ್ಲಿ ಆಡಿದ ಅರ್ಧ ನಿಮಿಷದ ಮಾತು ಕತ್ತರಿಸಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದರೆ ಎರಡು ವರ್ಷದಲ್ಲಿ ಕಟ್ಟಿದ ಹೆಸರು ಒಂದು ರಾತ್ರಿಗೆ ಹೋಗುತ್ತದೆ. ಗಲ್ಫ್‌ನಲ್ಲಿ ಇರುವವರು ಇನ್ನೂ ಜಾಗ್ರತೆ ಮಾಡಬೇಕು. 2021ರ ಮಾರ್ಚ್‌ನಲ್ಲಿ ಒಮನ್ ದೇಶ ಅನುಮತಿ ಪಡೆದಿಲ್ಲವೆಂದು ಕ್ಲಬ್‌ಹೌಸನ್ನೇ ನಿಲ್ಲಿಸಿತ್ತು. ಇರುವ ದೇಶದ ಕಾನೂನು ತಿಳಿಯದೆ ಮೈಕ್ ಹಿಡಿಯಬಾರದು. ಅಲ್ಲಿ ಹೋಗುವುದು ಹೆಸರು ಮಾತ್ರವಲ್ಲ, ಕೆಲಸವೂ.

ಕೊನೆಗೆ, ಆ್ಯಪ್ ನಮ್ಮ ಸ್ವಂತ ಜಾಗವಲ್ಲ, ಬಾಡಿಗೆ ಅಂಗಡಿ. ಜಗತ್ತೇ ಕ್ಲಬ್‌ಹೌಸ್‌ನಲ್ಲಿದೆ ಎಂಬಂತೆ ಇದ್ದದ್ದು 2021ರಲ್ಲಿ. 2023ರ ಏಪ್ರಿಲ್‌ನಲ್ಲಿ ಅದೇ ಕಂಪೆನಿ ಅರ್ಧಕ್ಕಿಂತ ಹೆಚ್ಚು ಸಿಬ್ಬಂದಿಯನ್ನು ಕೈಬಿಟ್ಟಿತು. ಅದೇ ತಿಂಗಳು ಸ್ಪಾಟಿಫೈ ತನ್ನ ಲೈವ್ ಆಡಿಯೊ ಆ್ಯಪ್ ಮುಚ್ಚಿತು. ಅಲ್ಲಿ ಸಾವಿರಾರು ಫಾಲೋವರ್ಸ್ ಮಾಡಿಕೊಂಡವರಿಗೆ ಆ ಸಂಖ್ಯೆ ಬೇರೆಲ್ಲೂ ಸಿಗಲಿಲ್ಲ. ಪರಿಚಯವಾದವರ ನಂಬರನ್ನು ಅವರ ಒಪ್ಪಿಗೆಯಿಂದ ಬರೆದಿಟ್ಟವರಿಗೆ ಮಾತ್ರ ಸಂಬಂಧ ಉಳಿಯಿತು.

ಆ ತರಕಾರಿ ಅಂಗಡಿಯವರ ನೋಟಿಸ್ ಏನಾಯಿತು ಎಂದು ನಾವು ಮೊನ್ನೆ ಹುಡುಗನಲ್ಲಿ ಕೇಳಿದೆವು. ಉತ್ತರ ಬರೆದುಕೊಟ್ಟಿದ್ದಾನೆ, ಫೀಸ್ ತೆಗೆದುಕೊಂಡಿಲ್ಲ. "ಮತ್ತೆ ನಿನಗೇನು ಲಾಭ?" ಎಂದೆವು. "ಅವರ ಬೀದಿಯ ಆರು ಅಂಗಡಿಯವರು ಈಗ ನಮ್ಮ ಆಫೀಸಿಗೇ ಬರುದು" ಎಂದು ನಕ್ಕ. ಅಷ್ಟು ಹೇಳಿ ಗಡಿಯಾರ ನೋಡಿ ಎದ್ದ. ಅಂದು ಬುಧವಾರ, ಅವನ ರೂಮಿಗೆ ಹೊತ್ತಾಗಿತ್ತು.