ಅಂಗೈಯಗಲದ ಆಸರೆ

ವಾರದ ಐದು ದಿನ ಷೆಡ್ಡಿನಲ್ಲಿ ಮುಸುಕು ಹೊದ್ದು ಮಲಗಿ, ಶನಿವಾರ ಭಾನುವಾರಗಳಂದು ಮಾತ್ರ ಹೊರಬೀಳುವ ಕಾರುಗಳು ಯೂರೋಪು, ಅಮೆರಿಕಗಳಲ್ಲಿ ಅನೇಕ. ಎರಡೇ ಆಸನ, ತಗ್ಗಿದ ಮೈ, ಬೇಕೆಂದಾಗ ಮಡಿಸಬಹುದಾದ ಮಾಡು. ಇವುಗಳಿಂದ ಸಂಸಾರದ ಕೆಲಸ ನಡೆಯದು. ಬಿಸಿಲು, ವೇಗ, ಬಳಸುದಾರಿಗಳ ಸುಖಕ್ಕಾಗಿಯೇ ಇವುಗಳ ಜನ್ಮ. ಇಂಥ ಕಾರಿನ ಒಡೆಯನು ಎಂಜಿನಿನ ಬಲವನ್ನು ಕುರಿತು ಗಂಟೆಗಟ್ಟಲೆ ಮಾತನಾಡಬಲ್ಲನು. ಆದರೆ ಆ ಬಲವೆಲ್ಲ ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳ ಮೂಲಕ. ಒಂದೊಂದು ಟೈರೂ ರಸ್ತೆಗೆ ತಗಲುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಓಡುವುದಕ್ಕೂ, ತಿರುಗುವುದಕ್ಕೂ, ನಿಲ್ಲುವುದಕ್ಕೂ ಇರುವ ಆಸರೆ ಅಷ್ಟೇ.

2013ರ ನವೆಂಬರ್ 30, ಶನಿವಾರ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸಾಂಟಾ ಕ್ಲರೀಟಾ ಪಟ್ಟಣದಲ್ಲಿ 2005ರ ಮಾದರಿಯ ಪೋರ್ಷೆ ಕರೇರಾ ಜಿಟಿ ಕಾರೊಂದು ಕಂಬಕ್ಕೂ ಮರಗಳಿಗೂ ಅಪ್ಪಳಿಸಿ ಹೊತ್ತಿ ಉರಿಯಿತು. ಕಾರೋಟದ ಚಲನಚಿತ್ರಗಳಿಂದ ಜಗತ್ಪ್ರಸಿದ್ಧರಾಗಿದ್ದ ನಟ ಪಾಲ್ ವಾಕರ್ ಮತ್ತು ಕಾರನ್ನು ನಡೆಸುತ್ತಿದ್ದ ಅವರ ಗೆಳೆಯ, ಇಬ್ಬರೂ ತೀರಿಕೊಂಡರು. ಗಂಟೆಗೆ 45 ಮೈಲಿಯ ಮಿತಿಯಿದ್ದ ರಸ್ತೆಯಲ್ಲಿ ಕಾರು 80ರಿಂದ 93 ಮೈಲಿ ವೇಗದಲ್ಲಿತ್ತೆಂದೂ, ಆ ವೇಗವೇ ದುರಂತಕ್ಕೆ ಕಾರಣವೆಂದೂ ತನಿಖೆಯವರು ನಿರ್ಣಯಿಸಿದರು. ಅದರೊಡನೆ ಇನ್ನೊಂದು ಸಂಗತಿಯೂ ಹೊರಬಂದಿತು: ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು, ಆ ವಯಸ್ಸು ಕಾರಿನ ಹತೋಟಿಯನ್ನು ಕುಂದಿಸಿದ್ದಿರಬಹುದು.

ಸವೆತವೊಂದೇ ಟೈರಿನ ವೈರಿಯೆಂದು ಜನ ತಿಳಿಯುತ್ತಾರೆ. ರಬ್ಬರಿಗೆ ಇನ್ನಿಬ್ಬರು ವೈರಿಗಳುಂಟು: ಒಂದು ಚಳಿ, ಇನ್ನೊಂದು ಕಾಲ. ವಾರಾಂತ್ಯದ ಕಾರಿಗೆ ಟೈರು ಕೊಳ್ಳುವವರು ಮುಖ್ಯವಾಗಿ ಗಮನಿಸಬೇಕಾದುದು ಈ ಇಬ್ಬರನ್ನೇ.

ಚಳಿಯ ಮಾತು ಬೆಂಗಳೂರಿನವರಿಗೆ ಸುಲಭವಾಗಿ ಹೊಳೆಯುವಂಥದಲ್ಲ. ಜರ್ಮನಿಯಲ್ಲಿಯಾದರೋ ಬೇಸಗೆಗೆ ನಾಲ್ಕು, ಚಳಿಗಾಲಕ್ಕೆ ನಾಲ್ಕು ಎಂದು ಬೇರೆ ಬೇರೆ ಟೈರುಗಳನ್ನಿಟ್ಟುಕೊಳ್ಳುವುದು ವಾಡಿಕೆ. ಅಕ್ಟೋಬರಿನಿಂದ ಈಸ್ಟರ್ ಹಬ್ಬದ ವರೆಗೆ ಚಳಿಗಾಲದ ಟೈರು ಎಂಬುದು ಅಲ್ಲಿನ ರೂಢಿಯ ಮಾತು. ರಸ್ತೆಯ ಮೇಲೆ ಹಿಮವೋ ಮಂಜುಗಡ್ಡೆಯೋ ಇರುವಾಗ ಅದಕ್ಕೆ ತಕ್ಕ ಟೈರು ಇರಲೇಬೇಕೆಂದು 2010ರಿಂದ ಸ್ಪಷ್ಟವಾದ ಕಾನೂನೂ ಇದೆ. ಇದಲ್ಲದೆ, 1997ರಿಂದ ಅಲ್ಲಿ ಋತುಮಾನದ ನಂಬರು ಫಲಕ ದೊರೆಯುತ್ತದೆ. ಫಲಕದ ಅಂಚಿನಲ್ಲಿ 04, 10 ಎಂಬ ಅಂಕಿಗಳಿದ್ದರೆ ಆ ಕಾರು ಏಪ್ರಿಲಿನಿಂದ ಅಕ್ಟೋಬರಿನ ಕೊನೆಯ ವರೆಗೆ ಮಾತ್ರ ರಸ್ತೆಗಿಳಿಯಬಹುದು. ಹೀಗೆ ಚಳಿಗಾಲವಿಡೀ ನಿದ್ರಿಸುವ ಕಾರಿಗೆ ಬೇಸಗೆಯ ಟೈರೇ ಯೋಗ್ಯ.

ಬೇಸಗೆಯ ಟೈರಿನ ರಬ್ಬರು ಬಿಸಿಲಿನಲ್ಲಿ ಹದಕ್ಕೆ ಬಂದು ರಸ್ತೆಯ ಒರಟನ್ನು ಅಪ್ಪಿ ಹಿಡಿಯುತ್ತದೆ. ಅದರ ಪಕ್ಕಗಳು ಬಿಗಿಯಾಗಿರುವುದರಿಂದ ತಿರುವಿನಲ್ಲಿ ನುಲಿಯದೆ ಚುಕ್ಕಾಣಿಯ ಮಾತನ್ನು ಒಡನೆಯೇ ಕೇಳುತ್ತದೆ. ಆದರೆ ಉಷ್ಣತೆ ಸುಮಾರು 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಇಳಿದಂತೆ ಅದೇ ರಬ್ಬರು ಗಡುಸಾಗಿ ಹಿಡಿತ ತಪ್ಪುತ್ತದೆ. ಕೊರೆಯುವ ಚಳಿಯಲ್ಲಿ ಬಿರುಕು ಬಿಡುವುದೂ ಉಂಟು.

ಇನ್ನು ಆಯ್ಕೆಯ ಕ್ರಮ. 1989ರಲ್ಲಿ ಬೆಳಕಿಗೆ ಬಂದು ವಾರಾಂತ್ಯದ ಕಾರುಗಳಲ್ಲಿ ಮನೆಮಾತಾಗಿರುವ ಮಾಜ್ಡಾ ಎಂಎಕ್ಸ್-5ನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಈಚಿನ ಮಾದರಿಯ ಒಂದು ಟೈರಿನ ಮೇಲೆ ‘205/45 ಆರ್ 17 84 ಡಬ್ಲ್ಯು’ ಎಂದು ಅಚ್ಚಾಗಿರುತ್ತದೆ. ಅಗಲ 205 ಮಿಲಿಮೀಟರು, ಪಕ್ಕದ ಎತ್ತರ ಆ ಅಗಲದ ನೂರಕ್ಕೆ 45, ಕಟ್ಟಡ ರೇಡಿಯಲ್, ಗಾಲಿ 17 ಅಂಗುಲ. 84 ಎಂದರೆ 500 ಕಿಲೋಗ್ರಾಂ ಹೊರುವ ಶಕ್ತಿ. ಡಬ್ಲ್ಯು ಎಂದರೆ ಗಂಟೆಗೆ 270 ಕಿಲೋಮೀಟರ್ ವೇಗದ ತಾಳಿಕೆ. ಕಾರಿನ ತಯಾರಕರು ಗೊತ್ತುಮಾಡಿದ ಈ ಅಳತೆಯನ್ನು ಮೀರಿ ಅಗಲವಾದ ಟೈರು ಹಾಕಿದರೆ ನೋಟಕ್ಕೆ ಠೀವಿ ಬರಬಹುದು. ಆದರೆ ಹಗುರವಾದ ಕಾರಿನಲ್ಲಿ ಅಗಲದ ಟೈರು ಮಳೆನೀರಿನ ಮೇಲೆ ಬೇಗನೆ ತೇಲತೊಡಗುತ್ತದೆ. ಪಂದ್ಯದ ಕಣಕ್ಕೆಂದು ಮಾಡಿದ ಟೈರಿನ ಪಾಡೂ ಹಾಗೆಯೇ: ಕಾದಾಗ ಅದರ ಹಿಡಿತ ಅದ್ಭುತ, ತಣ್ಣಗಿನ ಒದ್ದೆ ರಸ್ತೆಯಲ್ಲಿ ಅದನ್ನು ನಂಬುವಂತಿಲ್ಲ.

ಯೂರೋಪಿನ ಬೇಸಗೆಯಲ್ಲಿಯೂ ಮಳೆ ಅಪರೂಪವಲ್ಲ. ಆದುದರಿಂದ ಒದ್ದೆ ರಸ್ತೆಯ ಹಿಡಿತವನ್ನು ಮೊದಲು ನೋಡಬೇಕು. 2012ರಿಂದ ಯೂರೋಪಿನ ಒಕ್ಕೂಟದಲ್ಲಿ ಹೊಸ ಟೈರಿಗೆ ಗುಣಸೂಚಕ ಚೀಟಿ ಕಡ್ಡಾಯ. 2021ರಲ್ಲಿ ತಿದ್ದಿದ ಚೀಟಿಯಲ್ಲಿ ಈ ಹಿಡಿತಕ್ಕೆ ‘ಎ’ಯಿಂದ ‘ಇ’ವರೆಗೆ ದರ್ಜೆಗಳಿವೆ. ವೇಗದಲ್ಲಿ ಬ್ರೇಕು ಒತ್ತಿದಾಗ ಮೊದಲ ದರ್ಜೆಗೂ ಕೊನೆಯ ದರ್ಜೆಗೂ ಹಲವು ಕಾರುಗಳ ಉದ್ದದಷ್ಟು ಅಂತರ ಬೀಳುತ್ತದೆ. ಎದುರಿಗೆ ಮಗುವೊಂದು ಓಡಿಬಂದಾಗ ಆ ಅಂತರದ ಬೆಲೆಯೇನೆಂಬುದನ್ನು ಹೇಳಬೇಕಾಗಿಲ್ಲ. ಒಣ ರಸ್ತೆಯ ಹಿಡಿತವನ್ನು ಚೀಟಿ ತಿಳಿಸುವುದಿಲ್ಲ. ಅದಕ್ಕೆ ಜರ್ಮನಿಯ ಎಡಿಎಸಿ ಮೋಟಾರು ಸಂಘವು ಪ್ರತಿವರ್ಷವೂ ಪ್ರಕಟಿಸುವಂಥ ಪರೀಕ್ಷೆಗಳನ್ನು ಓದುವುದು ಲೇಸು.

ಕೊನೆಯದಾಗಿ ಕಾಲದ ಮಾತು. ದಿನವೂ ಓಡುವ ಕಾರಿನ ಟೈರು ಮುದಿಯಾಗುವುದಕ್ಕೆ ಮೊದಲೇ ಸವೆದುಹೋಗುತ್ತದೆ. ವಾರಾಂತ್ಯದ ಕಾರಿನದು ತದ್ವಿರುದ್ಧ. ಯೂರೋಪಿನ ಕಾನೂನು ಕೇಳುವ ತೋಡಿನ ಆಳ 1.6 ಮಿಲಿಮೀಟರು, ಹತ್ತು ವರ್ಷದ ಮೇಲೂ ಅದರ ಹಲವು ಪಟ್ಟು ಆಳ ಉಳಿದಿರುತ್ತದೆ. ಒಡೆಯನು ಅದನ್ನು ಕಂಡು ಹಿಗ್ಗುತ್ತಾನೆ. ಅಷ್ಟರಲ್ಲಿ ಗಾಳಿಯ ಆಮ್ಲಜನಕ, ಓಜೋನು, ಶಾಖಗಳು ರಬ್ಬರನ್ನು ಒಳಗಿಂದೊಳಗೇ ಬಿರುಸುಗೊಳಿಸಿರುತ್ತವೆ.

ಆದುದರಿಂದ ಇಂಥ ಕಾರಿಗೆ ಬಹುಕಾಲ ಬಾಳುವ ಟೈರನ್ನು ಹುಡುಕುವುದು ವ್ಯರ್ಥ. ಬೇಗ ಸವೆದರೂ ಚೆನ್ನಾಗಿ ಹಿಡಿಯುವ ಟೈರೇ ಲಾಭ. ಕೊಳ್ಳುವಾಗ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಬೇಕು. 1424 ಎಂದಿದ್ದರೆ ಅದು 2024ರ 14ನೆಯ ವಾರದಲ್ಲಿ ತಯಾರಾದುದು. ರಿಯಾಯಿತಿಯ ಬೆಲೆಗೆ ಬರುವ ಹಳೆಯ ಸರಕಿನಲ್ಲಿ ಈ ಅಂಕಿಗಳೇ ಗುಟ್ಟನ್ನು ಹೇಳುತ್ತವೆ. ಆರು ವರ್ಷಕ್ಕೇ ಬದಲಾಯಿಸಬೇಕೆಂದು ಕೆಲವು ಕಾರು ತಯಾರಕರೂ, ಎಷ್ಟೇ ಚೆನ್ನಾಗಿ ಕಂಡರೂ ಹತ್ತು ವರ್ಷದಾಚೆಗೆ ಬೇಡವೆಂದು ಟೈರು ತಯಾರಕರೂ ಎಚ್ಚರಿಸುತ್ತಾರೆ. ಬಿಚ್ಚಿಟ್ಟ ಟೈರುಗಳಿಗೆ ತಂಪಾದ, ಕತ್ತಲೆಯ ಸ್ಥಳ ಒಳ್ಳೆಯದು; ಓಜೋನನ್ನು ಹುಟ್ಟಿಸುವ ವಿದ್ಯುತ್ ಮೋಟಾರುಗಳ ಬಳಿ ಅವನ್ನು ಇಡಬಾರದು.

ಶನಿವಾರ ಬೆಳಗ್ಗೆ ಮುಸುಕು ತೆಗೆದೊಡನೆ, ಟೈರು ತಣ್ಣಗಿರುವಾಗಲೇ, ಗಾಳಿಯ ಒತ್ತಡವನ್ನು ನೋಡಿಕೊಳ್ಳುವುದಕ್ಕೆ ಐದು ನಿಮಿಷ ಸಾಕು. ಆ ನಾಲ್ಕು ಅಂಕಿಗಳನ್ನು ಓದುವುದಕ್ಕೆ ಅಷ್ಟೂ ಬೇಡ.